ಪರ್ಫ್ಯೂಮ್ ಹೋಯಿತೋ, ಮೂಗು ಸುಮ್ಮನಾಯಿತೋ?

ಪ್ರಶ್ನೆ: ಎರಡು ತಿಂಗಳ ಹಿಂದೆ ಹೆಂಗಸರ ಒಂದು ಪರ್ಫ್ಯೂಮ್ ತಗೊಂಡೆ. ಸಿಹಿ ಮತ್ತು ಮರದ ಕಂಪು ಸೇರಿದ ಓ ಡೆ ಪರ್ಫ್ಯೂಮ್. ಡಬ್ಬಿಯ ಮೇಲೆ ಬರ್ಗಮಾಟ್, ವೆನಿಲಾ, ಟೊಂಕಾ ಬೀಜ, ಸೀಡರ್, ಶ್ರೀಗಂಧ ಅಂತ ಬರೆದಿದೆ. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹಾಕಿ ಮೂಸಿದಾಗ ತುಂಬಾ ಹಿಡಿಸಿತ್ತು. ಮೈಮೇಲೆ ಹಾಕಿದರೆ ಮೊದಲ ಒಂದು ಗಂಟೆ ಬರೀ ಸಿಹಿ, ತಲೆನೋವು ಬರುವಷ್ಟು. ಮಧ್ಯಾಹ್ನದ ಹೊತ್ತಿಗೆ ಏನೂ ಇಲ್ಲ. ಆಮೇಲೆ ಮತ್ತೆ ಎರಡು ಸಲ ಹೊಡೆದುಕೊಳ್ಳುತ್ತೇನೆ. ವಿಚಿತ್ರ ಅಂದರೆ, ಮತ್ತೆ ಹಾಕುವ ಮೊದಲೇ ಪಕ್ಕದಲ್ಲಿ ಕೂರುವ ಸಹೋದ್ಯೋಗಿ 'ಇನ್ನೂ ಘಮ್ ಅಂತಿದೆ' ಅಂತಾರೆ. ನನ್ನ ಅಕ್ಕನೂ ಇದನ್ನೇ ಹಾಕುತ್ತಾಳೆ. ಅವಳಿಗೆ ಸಂಜೆವರೆಗೂ ಒಳ್ಳೆ ಮರದ ಪರಿಮಳ ಬರುತ್ತದಂತೆ. ನನ್ನ ಚರ್ಮ ಒಣ. ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, ಸರಿ ಇಲ್ಲವೇ? ಅಥವಾ ಬಾಟಲಿ ನಕಲಿ ಇರಬಹುದೇ?

ಉತ್ತರ: ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ನಿಮ್ಮ ಸಹೋದ್ಯೋಗಿಯ ಮಾತು. ಮಧ್ಯಾಹ್ನ ಅವರಿಗೆ ವಾಸನೆ ಬರುತ್ತಿದೆ, ನಿಮಗೆ ಬರುತ್ತಿಲ್ಲ. ಹಾಗಾದರೆ ಪರ್ಫ್ಯೂಮ್ ಮೈಮೇಲೆ ಇದ್ದೇ ಇದೆ, ಅಲ್ವಾ? ಸುಮ್ಮನಾಗಿರುವುದು ನಿಮ್ಮ ಮೂಗು. ಅದಕ್ಕೇ ಮೊದಲು ಒಂದು ಕೆಲಸ ಮಾಡಿ. ಮಧ್ಯಾಹ್ನ ಮತ್ತೆ ಹೊಡೆದುಕೊಳ್ಳುವುದನ್ನು ಇವತ್ತಿಂದಲೇ ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ತಲೆಯ ಮೇಲೆ ತಿರುಗುವ ಫ್ಯಾನಿನ ಸದ್ದು ಸ್ವಲ್ಪ ಹೊತ್ತಿಗೆ ಕೇಳಿಸದೆ ಹೋಗುವುದಿಲ್ಲವೇ, ಹಾಗೆ. ಮೂಗಿನ ಒಳಗೆ ವಾಸನೆ ಹಿಡಿಯುವ ಗ್ರಾಹಕಗಳು (ರಿಸೆಪ್ಟರ್) ಉತ್ತರ ಕೊಡುವುದನ್ನು ಕಡಿಮೆ ಮಾಡುತ್ತವೆ, ಮಿದುಳೂ ಗಮನ ಕೊಡುವುದನ್ನು ನಿಲ್ಲಿಸುತ್ತದೆ. ಹೊಸ ವಾಸನೆ ಬಂದರೆ ಗೊತ್ತಾಗಬೇಕು, ಹಳೆಯದು ಅಡ್ಡ ಬರಬಾರದು. ದೇಹದ ಏರ್ಪಾಡೇ ಹಾಗಿದೆ. ಹೊರಗೆ ಹೋಗಿ ಬೇರೆ ಗಾಳಿ ಕುಡಿದು ಬಂದರೆ ಮೂಗು ಮತ್ತೆ ಎಚ್ಚರಾಗುತ್ತದೆ.

ಆದರೆ ನಿಮ್ಮದು ಬರೀ ನಿಮಿಷಗಳ ಲೆಕ್ಕ ಇರಲಾರದು. ಎರಡು ತಿಂಗಳಿಂದ ದಿನವೂ ಇದನ್ನೇ ಹಾಕುತ್ತಿದ್ದೀರಿ. ಜನರ ಮನೆಯಲ್ಲಿ ಎರಡು ವಾರ ಒಂದೇ ವಾಸನೆ ಇಟ್ಟು ಮಾಡಿದ ಒಂದು ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಆ ವಾಸನೆಯ ಮಟ್ಟಿಗೆ ಅವರ ಮೂಗು ಮಂದವಾಗಿತ್ತು. ವಾಸನೆ ತೆಗೆದ ಮೇಲೂ ಅದು ಪೂರ್ತಿ ಸರಿಹೋಗಲು ಎರಡು ವಾರದವರೆಗೆ ಹಿಡಿಯಿತು. ಒಂದೇ ಪರ್ಫ್ಯೂಮನ್ನು ಪ್ರೀತಿಯಿಂದ ದಿನವೂ ಹಾಕುವವರು 'ಕಂಪನಿಯವರು ಈಗ ಮೊದಲಿನಂತೆ ಮಾಡುತ್ತಿಲ್ಲ' ಎನ್ನುವುದನ್ನು ನಾನು ತುಂಬಾ ಕೇಳಿದ್ದೇನೆ. ಕೆಲವೊಮ್ಮೆ ಆ ಮಾತು ನಿಜ. ಮೂಗಿಗೆ ರೂಢಿಯಾಗಿ ಹಾಗನ್ನಿಸುವುದು ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೆ ನಿಮ್ಮ ಬಾಟಲಿಗೆ ಎರಡು ವಾರ ರಜೆ ಕೊಡಿ. ಬೇರೆ ಥರದ್ದು ಹಾಕಿಕೊಳ್ಳಿ, ಇಲ್ಲವೇ ಏನೂ ಹಾಕಬೇಡಿ. ಬಟ್ಟೆ, ಶಾಲು, ದಿಂಬಿಗೆ ಅಂಟಿದ್ದರೆ ಒಗೆದುಬಿಡಿ, ಇಲ್ಲದಿದ್ದರೆ ಮೂಗಿಗೆ ರಜೆ ಸಿಕ್ಕ ಹಾಗಾಗುವುದಿಲ್ಲ.

ಅಂಗಡಿಗಳಲ್ಲಿ ಮೂಗು ತಿಳಿಯಾಗಲಿ ಅಂತ ಕಾಫಿ ಬೀಜ ಮೂಸಲು ಕೊಡುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಫಿ ಬೀಜ ಬರೀ ಗಾಳಿಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ಬಾಗಿಲ ಹೊರಗೆ ಹೋಗಿ ನಿಂತರೆ ಸಾಕು.

ಇನ್ನು ಅಕ್ಕನ ವಿಷಯ. ಇದೇ ನಿಜವಾಗಿ ಕುತೂಹಲದ್ದು. 'ಅವಳ ಮೈಮೇಲೆ ಮರ, ನನ್ನ ಮೈಮೇಲೆ ಸಿಹಿ' ಎಂದ ಕೂಡಲೇ ಎಲ್ಲರೂ ಚರ್ಮದ ಕಡೆ ಬೆರಳು ತೋರಿಸುತ್ತಾರೆ. ಅವಳು ಅವಳ ಕೈಯನ್ನು ಅವಳ ಮೂಗಿನಿಂದ ಮೂಸುತ್ತಿದ್ದಾಳೆ, ನೀವು ನಿಮ್ಮ ಕೈಯನ್ನು ನಿಮ್ಮ ಮೂಗಿನಿಂದ. ಇಲ್ಲಿ ಎರಡು ಚರ್ಮ ಇದ್ದ ಹಾಗೆ ಎರಡು ಮೂಗೂ ಇವೆ.

ಮನುಷ್ಯರ ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ. ಈ ಗ್ರಾಹಕಗಳ ಜೀನ್‌ಗಳನ್ನು ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ 1991ರಲ್ಲಿ ಕಂಡುಹಿಡಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಈ ಜೀನ್‌ಗಳು ಒಬ್ಬರಿಂದ ಒಬ್ಬರಿಗೆ ಸಾಕಷ್ಟು ಬೇರೆಯಾಗಿರುತ್ತವೆ, ಅಕ್ಕತಂಗಿಯರಲ್ಲೂ. ಬೆವರಿನಲ್ಲಿರುವ ಆಂಡ್ರೋಸ್ಟೆನೋನ್ ಎಂಬ ವಸ್ತು ಕೆಲವರಿಗೆ ಮೂತ್ರದ ಹಾಗೆ ನಾರುತ್ತದೆ, ಕೆಲವರಿಗೆ ವೆನಿಲಾ ಥರ ಸಿಹಿಯಾಗಿರುತ್ತದೆ, ಕೆಲವರಿಗೆ ಅದರ ವಾಸನೆಯೇ ಇಲ್ಲ. ಈ ವ್ಯತ್ಯಾಸಕ್ಕೂ ಒಂದು ಗ್ರಾಹಕದ ಜೀನ್‌ಗೂ ಇರುವ ನಂಟು 2007ರಲ್ಲಿ ಗೊತ್ತಾಯಿತು. ನೇರಳೆ ವಯೊಲೆಟ್ ಹೂವಿನ ವಾಸನೆ ಕೊಡುವ ಬೀಟಾ ಅಯೊನೋನ್ ಬಗ್ಗೆಯೂ 2013ರಲ್ಲಿ ಇಂಥದ್ದೇ ಗೊತ್ತಾಯಿತು. ಮರದ ಪರ್ಫ್ಯೂಮ್‌ಗಳಲ್ಲಿ ಅಯೊನೋನ್‌ಗಳನ್ನು ಧಾರಾಳವಾಗಿ ಬಳಸುತ್ತಾರೆ.

ಇವತ್ತಿನ ಮರದ ಪರ್ಫ್ಯೂಮ್‌ಗಳಲ್ಲಿ ಮರದ ಎಣ್ಣೆಗಿಂತ ಪ್ರಯೋಗಾಲಯದಲ್ಲಿ ಮಾಡಿದ ಮರದ ವಾಸನೆಗಳ ಪಾಲು ಜಾಸ್ತಿ. ಐಸೊ ಇ ಸೂಪರ್ ಅಂತ ಒಂದಿದೆ. 1970ರ ದಶಕದಲ್ಲಿ ಬಂದ, ಸೀಡರ್ ಮರವನ್ನು ಹೋಲುವ ಮೃದುವಾದ ವಾಸನೆ. ಇದು ಎಷ್ಟೋ ಪರ್ಫ್ಯೂಮ್‌ಗಳ ತಳದಲ್ಲಿ ದೊಡ್ಡ ಪ್ರಮಾಣದಲ್ಲೇ ಇರುತ್ತದೆ. ಇದರ ಗುಣ ಏನೆಂದರೆ, ಹಾಕಿಕೊಂಡವರಿಗೆ ಒಮ್ಮೆ ಬರುತ್ತದೆ, ಒಮ್ಮೆ ಮಾಯವಾಗುತ್ತದೆ. ಕೆಲವರಿಗೆ ಬರುವುದೇ ಇಲ್ಲ. ಮರದ ಜೊತೆ ಸೇರಿಸುವ ಬಿಳಿ ಕಸ್ತೂರಿಗಳ, ಅಂದರೆ ಪ್ರಯೋಗಾಲಯದಲ್ಲಿ ಮಾಡಿದ ಕಸ್ತೂರಿ ವಾಸನೆಗಳ, ಕತೆಯೂ ಹಾಗೇ. ಗ್ಯಾಲಕ್ಸೊಲೈಡ್ ಎಂಬ ಕಸ್ತೂರಿ ವಾಸನೆ ಗೊತ್ತಾಗದವರು, ಅಥವಾ ತುಂಬಾ ಮಂದವಾಗಿ ಗೊತ್ತಾಗುವವರು, ಸಾಕಷ್ಟು ಜನ ಇದ್ದಾರೆ. ಅವರ ಮೂಗು ಕೆಟ್ಟಿಲ್ಲ. ಮಿಕ್ಕ ವಾಸನೆಗಳೆಲ್ಲ ಅವರಿಗೆ ಚೆನ್ನಾಗಿಯೇ ಬರುತ್ತವೆ.

ಈಗ ಯೋಚಿಸಿ. ಸಿಹಿ, ಮರ, ಕಸ್ತೂರಿ ಮೂರನ್ನೂ ಅಳತೆ ನೋಡಿ ಬೆರೆಸಿರುವ ಪರ್ಫ್ಯೂಮ್‌ನಲ್ಲಿ ಮರ ಮತ್ತು ಕಸ್ತೂರಿಯ ಅರ್ಧ ಭಾಗ ನಿಮ್ಮ ಮೂಗಿಗೆ ಬರದೇ ಹೋದರೆ ಏನು ಉಳಿಯುತ್ತದೆ? ಬರೀ ಸಿಹಿ. ನೀವು ಬರೆದಿರುವುದು ಹೆಚ್ಚು ಕಡಿಮೆ ಇದೇ ಚಿತ್ರ.

ಊಹೆ ಮಾಡುತ್ತಾ ಕೂರಬೇಡಿ, ಪರೀಕ್ಷೆ ಮಾಡಿ. ಎರಡು ವಾರದ ರಜೆ ಮುಗಿದ ಮೇಲೆ ನೀವಿಬ್ಬರೂ ಒಂದೇ ಬಾಟಲಿಯಿಂದ ಒಂದೊಂದೇ ಸಲ ಮುಂಗೈಗೆ ಹಾಕಿಕೊಳ್ಳಿ. ಮೂರು ಗಂಟೆ ಬಿಟ್ಟು, ಸ್ವಲ್ಪ ಹೊರಗೆ ಅಡ್ಡಾಡಿ ಬಂದು, ನೀವು ಅಕ್ಕನ ಕೈ ಮೂಸಿ, ಅಕ್ಕ ನಿಮ್ಮ ಕೈ ಮೂಸಲಿ. ಅಕ್ಕನ ಕೈಯಲ್ಲೂ ನಿಮಗೆ ಸಿಹಿಯೇ ಬಂದರೆ, ನಿಮ್ಮ ಕೈಯಲ್ಲೂ ಅವಳಿಗೆ ಮರ ಬಂದರೆ, ಅದು ಮೂಗಿನ ವ್ಯತ್ಯಾಸ. ಅಕ್ಕನ ಕೈಯಲ್ಲಿ ನಿಮಗೂ ಮರ ಬಂದರೆ ಚರ್ಮದ ವ್ಯತ್ಯಾಸ. ಚರ್ಮ, ಪಿಎಚ್, ನಕಲಿ ಬಾಟಲಿ ಅಂತ ಎಷ್ಟು ಚರ್ಚೆ ಮಾಡಿದರೂ ಸಿಗದ ಉತ್ತರ ಇದರಿಂದ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ.

ಪಿಎಚ್ ಬಗ್ಗೆ ಕೇಳಿದ್ದೀರಿ. ಇದು ಪರ್ಫ್ಯೂಮ್ ಲೋಕದಲ್ಲಿ ತುಂಬಾ ಓಡಾಡುವ ಮಾತು. ನನಗೆ ಇದರಲ್ಲಿ ನಂಬಿಕೆ ಇಲ್ಲ. ಆರೋಗ್ಯವಂತರ ಚರ್ಮದ ಪಿಎಚ್ ಸಾಮಾನ್ಯವಾಗಿ 4.5ರಿಂದ 6ರ ಒಳಗೆ ಇರುತ್ತದೆ. ಪರ್ಫ್ಯೂಮ್‌ನಲ್ಲಿರುವ ಬಹುಪಾಲು ವಸ್ತುಗಳಿಗೆ ಈ ಏರಿಳಿತದಿಂದ ಏನೂ ಆಗುವುದಿಲ್ಲ. ಅವು ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ವೆನಿಲಾದ ವಾಸನೆ ಕೊಡುವ ವೆನಿಲಿನ್ ಸ್ವಲ್ಪ ಆಮ್ಲದ ಗುಣ ಇರುವ ವಸ್ತು. ಅದರ ಮೇಲೂ ಗಮನಿಸುವಷ್ಟು ಪರಿಣಾಮ ಆಗಬೇಕಾದರೆ ಪಿಎಚ್ 7ರ ಆಸುಪಾಸಿಗೆ ಬರಬೇಕು. ಸೋಪು ಹಾಕಿ ತೊಳೆದ ಕೂಡಲೇ ಚರ್ಮದ ಪಿಎಚ್ ಸ್ವಲ್ಪ ಏರುತ್ತದೆ ನಿಜ, ಆದರೆ ಕೆಲವು ಗಂಟೆಗಳಲ್ಲಿ ಅದೇ ಇಳಿಯುತ್ತದೆ. ನಿಮ್ಮ ಪರ್ಫ್ಯೂಮ್ ಸಿಹಿಯಾಗಲು ಅದು ಕಾರಣ ಅಲ್ಲ.

ಚರ್ಮದಲ್ಲಿ ಲೆಕ್ಕಕ್ಕೆ ಬರುವುದು ಎರಡು. ಎಣ್ಣೆ ಮತ್ತು ಬಿಸಿ. ಪರ್ಫ್ಯೂಮ್ ಹಾಕಿದ ಕೂಡಲೇ ಆಲ್ಕೊಹಾಲ್ ಆವಿಯಾಗಿ ಹೋಗುತ್ತದೆ. ಉಳಿಯುವುದು ಎಣ್ಣೆಯಲ್ಲಿ ಕರಗುವ ವಾಸನೆ ವಸ್ತುಗಳ ತೆಳುವಾದ ಪದರ. ಚರ್ಮದ ಮೇಲೆ ಜಿಡ್ಡು ಇದ್ದರೆ ಇವು ಅದರಲ್ಲಿ ಕರಗಿ ಕೂರುತ್ತವೆ, ನಿಧಾನವಾಗಿ ಹೊರಬರುತ್ತವೆ. ನಿಮ್ಮಂತೆ ಒಣ ಚರ್ಮ ಇದ್ದರೆ ಹಗುರವಾದವು ಬೇಗ ಹಾರಿಹೋಗುತ್ತವೆ. ಅದಕ್ಕೆ ಪರಿಹಾರ ಸುಲಭ. ಸ್ನಾನ ಮಾಡಿ ಮೈ ಒರೆಸಿದ ಮೇಲೆ, ಪರ್ಫ್ಯೂಮ್ ಹಾಕುವ ಜಾಗಕ್ಕೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ತುಸುವೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಐದು ನಿಮಿಷ ಬಿಟ್ಟು ಪರ್ಫ್ಯೂಮ್ ಹಾಕಿ. ಒಣ ಚರ್ಮದವರಿಗೆ ನಾನು ಹೇಳುವ ಮೊದಲ ಮಾತು ಇದು. ಬೇರೆ ಯಾವ ಉಪಾಯಕ್ಕಿಂತ ಇದರಿಂದ ಆಗುವ ಲಾಭ ದೊಡ್ಡದು. ವಾಸನೆ ಇರುವ ಲೋಷನ್ ಮಾತ್ರ ಬೇಡ, ಅದರಲ್ಲೂ ವೆನಿಲಾದ್ದು. ಈಗಾಗಲೇ ಇರುವ ಸಿಹಿಯ ಮೇಲೆ ಅದು ಇನ್ನೊಂದು ಪದರ ಸಿಹಿ ಹಾಕುತ್ತದೆ.

ಅಂಗಡಿಯ ಕಾಗದದ ಪಟ್ಟಿ ಯಾಕೆ ಬೇರೆ ಮಾತು ಹೇಳಿತು? ಕಾಗದ ಕೋಣೆಯಷ್ಟೇ ತಣ್ಣಗಿರುತ್ತದೆ. ಚರ್ಮದ ಮೇಲ್ಮೈ ಸುಮಾರು 32ರಿಂದ 34 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಕಾಗದದ ಮೇಲೆ ಎಲ್ಲವೂ ನಿಧಾನ. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ನೀವು ಮೂಸಿದ್ದು ಒಂದೆರಡು ನಿಮಿಷ. ಆಗ ಬರುವುದು ಟಾಪ್ ನೋಟ್, ಅಂದರೆ ಮೊದಲು ಎದ್ದು ಬೇಗ ಹೋಗುವ ವಾಸನೆ. ನಿಮ್ಮ ಬಾಟಲಿಯಲ್ಲಿ ಅದು ಬರ್ಗಮಾಟ್, ನಿಂಬೆ ಜಾತಿಯ ಹುಳಿ ಹಣ್ಣಿನ ಸಿಪ್ಪೆಯ ಎಣ್ಣೆ. ಆ ತಾಜಾ ಕಹಿ ಸಿಹಿಯನ್ನು ಹಿಡಿದಿಟ್ಟಿರುತ್ತದೆ. ಬೆಚ್ಚಗಿನ ಮೈಮೇಲೆ ಅದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೊರಟುಹೋಗುತ್ತದೆ. ಸಿಹಿ ಅಲ್ಲೇ ಉಳಿಯುತ್ತದೆ. ನೀವು ಅಂಗಡಿಯಲ್ಲಿ ಇಷ್ಟಪಟ್ಟದ್ದು ಪರ್ಫ್ಯೂಮ್‌ನ ಮೊದಲ ಹತ್ತು ನಿಮಿಷ. ಈಗ ಹಾಕಿಕೊಂಡು ಓಡಾಡುತ್ತಿರುವುದು ಅದರ ಮುಂದಿನ ಎಂಟು ಗಂಟೆ.

ಯಾವುದು ಬೇಗ ಹಾರುತ್ತದೆ, ಯಾವುದು ಕೂರುತ್ತದೆ ಎನ್ನುವುದು ಬರೀ ಅಣುವಿನ ತೂಕದ ಮೇಲೆ ನಿಂತಿಲ್ಲ. ಬರ್ಗಮಾಟ್‌ನಲ್ಲಿರುವ ಲಿನಾಲೂಲ್‌ನ ಅಣುತೂಕ 154, ವೆನಿಲಿನ್‌ನದು 152. ಹೆಚ್ಚು ಕಡಿಮೆ ಒಂದೇ. ಆದರೂ ಲಿನಾಲೂಲ್ ಕುದಿಯುವುದು 198 ಡಿಗ್ರಿಗೆ, ವೆನಿಲಿನ್ ಸುಮಾರು 285 ಡಿಗ್ರಿಗೆ. ವೆನಿಲಿನ್ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಕೋಣೆಯ ಬಿಸಿಯಲ್ಲಿ ಅದು ಬಿಳಿ ಹರಳಾಗಿಯೇ ಇರುತ್ತದೆ. ಅದಕ್ಕೇ ಲಿನಾಲೂಲ್ ಮಧ್ಯಾಹ್ನದ ಒಳಗೆ ಖಾಲಿ, ವೆನಿಲಿನ್ ಬಟ್ಟೆಯ ಮೇಲೆ ದಿನಗಟ್ಟಲೆ ಇರುತ್ತದೆ.

ಸಿಹಿಗೆ ಬಳಸುವ ವಸ್ತುಗಳ ಶಕ್ತಿಯನ್ನೂ ನೆನಪಿಡಬೇಕು. ವೆನಿಲಿನ್ ಮೊದಲು ಪ್ರಯೋಗಾಲಯದಲ್ಲಿ ತಯಾರಾದದ್ದು 1874ರಲ್ಲಿ. ಆಮೇಲೆ ಬಂದ ಇಥೈಲ್ ವೆನಿಲಿನ್ ಅದಕ್ಕಿಂತ ಎರಡು ಮೂರು ಪಟ್ಟು ಜೋರು. ಗೆರ್ಲೇನ್ ಕಂಪನಿಯ ಶಾಲಿಮಾರ್ ಎಂಬ ಪರ್ಫ್ಯೂಮ್‌ನ ಸಿಹಿಗೆ 1920ರ ದಶಕದಲ್ಲೇ ಇದನ್ನು ಬಳಸಿದರು. ಇಥೈಲ್ ಮಾಲ್ಟಾಲ್ ಅಂತ ಇನ್ನೊಂದು. ಸಕ್ಕರೆ ಕಾಯಿಸಿ ಕೆಂಪಾದಾಗ ಬರುವ ವಾಸನೆ. ಒಂದು ತೊಟ್ಟು ಹೆಚ್ಚಾದರೆ ಇಡೀ ಮಿಶ್ರಣವನ್ನೇ ನುಂಗುತ್ತದೆ. ಟೊಂಕಾ ಬೀಜದ ಮುಖ್ಯ ವಾಸನೆ ಕೂಮರಿನ್. ಒಣ ಹುಲ್ಲಿನದೂ ಬಾದಾಮಿಯದೂ ಸೇರಿದಂಥ ವಾಸನೆ, ಇದು ಸ್ವಲ್ಪ ಮೆತ್ತಗೆ.

ಮರದ ವಸ್ತುಗಳು ದನಿ ತಗ್ಗಿಸಿ ಮಾತಾಡುವವು. ಶ್ರೀಗಂಧದ ಸ್ಯಾಂಟಲಾಲ್ (ಅಣುತೂಕ 220), ಪಚ್ಚೆತೆನೆಯ ಅಂದರೆ ಪಚೌಲಿಯ ಪಚೌಲಾಲ್ (222), ಐಸೊ ಇ ಸೂಪರ್ (234), ಎಲ್ಲವೂ ನಿಧಾನವಾಗಿ ಮೇಲೇಳುತ್ತವೆ. ಮೊದಲ ಗಂಟೆಯಲ್ಲಿ ಸಿಹಿ ಜೋರಾಗಿರುವಾಗ ಅವು ಹಿಂದೆ ಇರುತ್ತವೆ. ಸಿಹಿ ಸ್ವಲ್ಪ ತಗ್ಗಿದ ಮೇಲೆ ಅವುಗಳ ಸರದಿ. ದುರದೃಷ್ಟಕ್ಕೆ ಅಷ್ಟು ಹೊತ್ತಿಗೆ ನಿಮ್ಮ ಮೂಗು ದಣಿದಿರುತ್ತದೆ. ನೀವು ಮಧ್ಯಾಹ್ನ ಮತ್ತೆ ಹೊಡೆದುಕೊಳ್ಳುತ್ತೀರಿ. ಮತ್ತೆ ಸಿಹಿ ಮೇಲೆ ಬರುತ್ತದೆ. ಮರಕ್ಕೆ ನಿಮ್ಮ ದಿನದಲ್ಲಿ ಜಾಗವೇ ಸಿಗುತ್ತಿಲ್ಲ!

ಈ ಬಗೆಯ ಪರ್ಫ್ಯೂಮ್ ಹೇಗೆ ಬಂತು ಎಂದು ಗೊತ್ತಿದ್ದರೆ ಮುಂದೆ ಆರಿಸಲೂ ಸಹಾಯವಾಗುತ್ತದೆ. 1992ರಲ್ಲಿ ಎರಡು ಪರ್ಫ್ಯೂಮ್ ಬಂದವು. ಒಂದು ಥಿಯೆರಿ ಮುಗ್ಲೇರ್ ಅವರ ಏಂಜಲ್, ಒಲಿವಿಯೆ ಕ್ರೆಸ್ಪ್ ಮಾಡಿದ್ದು. ಇಥೈಲ್ ಮಾಲ್ಟಾಲ್‌ನ ಸಿಹಿಯನ್ನು ಧೈರ್ಯವಾಗಿ ಸುರಿದು, ಅದಕ್ಕೆ ಎದುರಾಗಿ ಮಣ್ಣು ವಾಸನೆಯ ಪಚ್ಚೆತೆನೆಯನ್ನು ಅಷ್ಟೇ ಧೈರ್ಯವಾಗಿ ನಿಲ್ಲಿಸಿದರು. ಇನ್ನೊಂದು ಶಿಸೈಡೊ ಕಂಪನಿಗೆ ಸೆರ್ಜ್ ಲ್ಯುಟೆನ್ಸ್ ಅವರ ಕಲ್ಪನೆಯಲ್ಲಿ ಬಂದ ಫೆಮಿನಿತೆ ದು ಬ್ವಾ. ಪಿಯರ್ ಬುರ್ದೋಂ ಮತ್ತು ಕ್ರಿಸ್ಟೋಫರ್ ಶೆಲ್ಡ್ರೇಕ್ ಅದನ್ನು ಬೆರೆಸಿದರು. ಅಲ್ಲಿ ಸೀಡರ್ ಮರವೇ ನಡುಮಧ್ಯ. ಹಣ್ಣು, ಮಸಾಲೆಯ ಸಿಹಿ ಅದಕ್ಕೆ ಆಸರೆ ಅಷ್ಟೇ. ಆ ಕಾಲದಲ್ಲಿ ಸೀಡರ್ ಅಂದರೆ ಗಂಡಸರದು ಎನ್ನುವ ಭಾವನೆ ಗಟ್ಟಿಯಾಗಿತ್ತು. ಹೆಂಗಸರ ಪರ್ಫ್ಯೂಮ್‌ನಲ್ಲಿ ಮರವನ್ನು ಹೀಗೆ ಎದುರಿಗೇ ನಿಲ್ಲಿಸಿದ್ದು ನನ್ನ ಪ್ರಕಾರ ದೊಡ್ಡ ಕೆಲಸ. ಇವತ್ತು 'ಸಿಹಿ, ಮರ' ಎಂದು ಕರೆಯುವ ಹೆಂಗಸರ ಪರ್ಫ್ಯೂಮ್‌ಗಳು ಹೆಚ್ಚಾಗಿ ಈ ಎರಡರಲ್ಲಿ ಒಂದರ ಕಡೆಗೆ ವಾಲುತ್ತವೆ. ಕೆಲವದರಲ್ಲಿ ಸಿಹಿಯೇ ಮುಖ್ಯ, ಮರ ಅದಕ್ಕೆ ಕಡಿವಾಣ. ಕೆಲವದರಲ್ಲಿ ಮರವೇ ಮುಖ್ಯ. ಡಬ್ಬಿಯ ಮೇಲಿನ ಹೆಸರುಗಳಿಂದ ಇದು ಗೊತ್ತಾಗುವುದಿಲ್ಲ. ಆ ಪಟ್ಟಿ ಏನನ್ನು ನೆನಪಿಸಬೇಕು ಎಂದು ಹೇಳುತ್ತದೆ, ಯಾವುದು ಎಷ್ಟಿದೆ ಎಂದು ಹೇಳುವುದಿಲ್ಲ. 'ಶ್ರೀಗಂಧ' ಎಂದು ಬರೆದ ಕಡೆ ನಿಜವಾದ ಶ್ರೀಗಂಧದ ಎಣ್ಣೆ ಇರಲೇಬೇಕು ಅಂತಿಲ್ಲ. ಜಾವನಾಲ್, ಎಬನಾಲ್‌ನಂಥ ತಯಾರಿಸಿದ ವಸ್ತುಗಳಿಂದ ಆ ವಾಸನೆ ಬಂದಿರಬಹುದು. ಅದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಆ ವಸ್ತು ನಿಮ್ಮ ಮೂಗಿಗೆ ಬರುತ್ತದೋ ಇಲ್ಲವೋ ಎನ್ನುವ ಪ್ರಶ್ನೆ ಇದ್ದೇ ಇರುತ್ತದೆ.

ಈಗ ಹಾಕಿಕೊಳ್ಳುವ ರೀತಿ. ನೀವು ಎಷ್ಟು ಸಲ ಹೊಡೆಯುತ್ತೀರಿ, ಎಲ್ಲಿ, ಅಂತ ಬರೆದಿಲ್ಲ. ಕುತ್ತಿಗೆಯ ಮುಂಭಾಗಕ್ಕೆ ಮತ್ತು ಎದೆಗೆ ಹಾಕುತ್ತಿದ್ದರೆ ಅದನ್ನು ಬಿಡಿ. ಅವು ಮೂಗಿನ ಕೆಳಗೇ ಇವೆ, ಬೆಚ್ಚಗಿನ ಜಾಗಗಳು ಬೇರೆ. ದಿನವಿಡೀ ಅಲ್ಲಿಂದ ಏಳುವ ಸಿಹಿ ನೇರ ಮೂಗಿಗೆ ಹೋಗುತ್ತದೆ, ತಲೆನೋವಿಗೂ ದಾರಿ ಮಾಡುತ್ತದೆ. ಕತ್ತಿನ ಹಿಂಭಾಗ, ಮೊಣಕೈ ಒಳಗಿನ ಮಡಿಕೆ, ಮೊಣಕಾಲಿನ ಹಿಂದೆ, ಇವು ಒಳ್ಳೆಯ ಜಾಗಗಳು. ನೀವು ತಿರುಗಿದಾಗ, ಕೈ ಎತ್ತಿದಾಗ, ನಡೆದಾಗ ಒಂದು ಅಲೆ ಬಂದು ಹೋಗುತ್ತದೆ. ಬಂದು ಹೋಗುವ ವಾಸನೆಗೆ ಮೂಗು ಬೇಗ ಮಂದವಾಗುವುದಿಲ್ಲ.

ಒಂದು ಸಲ ಒತ್ತಿದರೆ ಸಾಮಾನ್ಯವಾಗಿ ಸುಮಾರು 0.1 ಮಿಲಿಲೀಟರ್ ಬರುತ್ತದೆ. ಓ ಡೆ ಪರ್ಫ್ಯೂಮ್‌ನಲ್ಲಿ ವಾಸನೆ ವಸ್ತುಗಳ ಪಾಲು ಹೆಚ್ಚಾಗಿ ನೂರಕ್ಕೆ 15ರಿಂದ 20ರವರೆಗೆ ಇರುತ್ತದೆ. ಓ ಡೆ ಟಾಯ್ಲೆಟ್ ಎಂಬ ಹಗುರ ಬಗೆಯಲ್ಲಿ ಇನ್ನೂ ಕಡಿಮೆ. ಅಂದರೆ ನಿಮ್ಮ ಒಂದು ಒತ್ತಿಗೆ 15ರಿಂದ 20 ಮಿಲಿಗ್ರಾಂ. ಇಷ್ಟು ಸಿಹಿ ಇರುವ ಪರ್ಫ್ಯೂಮ್‌ಗೆ ಬೆಳಿಗ್ಗೆ ಎರಡು ಸಲ ಸಾಕು. ಮುಚ್ಚಿದ ಕೋಣೆಯಲ್ಲಿ ಜನರ ಪಕ್ಕ ಕೂತು ಕೆಲಸ ಮಾಡುವವರಿಗೆ ಒಂದೇ ಸಾಕು. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಹೊತ್ತು ಇರುತ್ತದೆ ಅನ್ನುವುದು ಸರಿಯಲ್ಲ. ಹೆಚ್ಚಾಗುವ ಹೊತ್ತು ಸ್ವಲ್ಪವೇ. ಮೊದಲ ಗಂಟೆಯ ಅಬ್ಬರ ಮಾತ್ರ ಖಂಡಿತ ಜಾಸ್ತಿ. ಕಡಿಮೆ ಹಾಕಿದಾಗ ಸಿಹಿ ತಗ್ಗಿ, ಮರ ಬೇಗ ಮುಂದೆ ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬಿಸಿಲ ದಿನಗಳಲ್ಲಿ ಇನ್ನೂ ಕಡಿಮೆ ಮಾಡಿ. ಬಿಸಿ ಹೆಚ್ಚಿದರೆ ಎಲ್ಲವೂ ಬೇಗ ಆವಿಯಾಗುತ್ತವೆ, ಗಾಳಿಯಲ್ಲಿ ತೇವವೂ ಇದ್ದರೆ ಸಿಹಿ ಉಸಿರುಗಟ್ಟಿಸುತ್ತದೆ. ಇಂಥ ಪರ್ಫ್ಯೂಮ್ ತನ್ನ ಒಳ್ಳೆಯ ಮುಖ ತೋರಿಸುವುದು ತಂಪು ದಿನಗಳಲ್ಲಿ. ಚಳಿಯಲ್ಲಿ ಅದೇ ಸಿಹಿ ಮೈಗೆ ಹತ್ತಿರ ಕೂತು ಹಿತವಾಗಿರುತ್ತದೆ.

ಮಣಿಕಟ್ಟು ಉಜ್ಜಬಾರದು, ಅಣುಗಳು ಒಡೆಯುತ್ತವೆ ಅಂತಾರೆ. ಉಜ್ಜಿದರೆ ಅಣು ಒಡೆಯುವುದಿಲ್ಲ. ಬಿಸಿಗೆ ಟಾಪ್ ನೋಟ್ ಸ್ವಲ್ಪ ಬೇಗ ಹೋಗಬಹುದು, ಅಷ್ಟೇ. ನಿಮಗೆ ಆ ಬರ್ಗಮಾಟ್ ಇಷ್ಟವಾದ್ದರಿಂದ ಸುಮ್ನೆ ಒಣಗಲು ಬಿಡಿ.

ಬಟ್ಟೆಗೆ ಹಾಕಬಹುದೇ ಎಂದರೆ, ಹಾಕಬಹುದು. ಬಟ್ಟೆಗೆ ಮೈಯಷ್ಟು ಬಿಸಿ ಇಲ್ಲ, ವಾಸನೆ ತುಂಬಾ ಹೊತ್ತು ಇರುತ್ತದೆ, ಮರದ ಭಾಗ ಚೆನ್ನಾಗಿ ಕಾಣಿಸುತ್ತದೆ. ಆದರೆ ವೆನಿಲಿನ್ ಇರುವ ಪರ್ಫ್ಯೂಮ್ ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕಲೆ ಬೀಳುತ್ತದೆ. ರೇಷ್ಮೆಗೆ, ಬಿಳಿ ಬಟ್ಟೆಗೆ ಬೇಡವೇ ಬೇಡ. ಗಾಢ ಬಣ್ಣದ ಹತ್ತಿ ಅಥವಾ ಉಣ್ಣೆಯ ಬಟ್ಟೆಯ ಒಳಮಗ್ಗುಲಿಗೆ ದೂರದಿಂದ ಒಂದು ಸಲ ಹಾಕಿ ನೋಡಿ. ನಿಮ್ಮ ಸಮಸ್ಯೆಗೆ ಇದೂ ಒಂದು ಒಳ್ಳೆಯ ದಾರಿ. ಮಾರನೆಯ ದಿನ ಬೆಳಿಗ್ಗೆ ಆ ಬಟ್ಟೆ ಮೂಸಿದರೆ ಈ ಪರ್ಫ್ಯೂಮ್‌ನ ತಳದಲ್ಲಿ ಏನಿದೆ ಎಂದು ನಿಮಗೇ ತಿಳಿಯುತ್ತದೆ.

ಬರ್ಗಮಾಟ್ ಇರುವುದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಹಿಂಡಿ ತೆಗೆದ ಬರ್ಗಮಾಟ್ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಬಿಸಿಲಿಗೆ ಸಿಕ್ಕರೆ ಚರ್ಮದ ಮೇಲೆ ಕಪ್ಪು ಕಲೆ ಮಾಡಬಲ್ಲದು. ಇವತ್ತು ಕಂಪನಿಗಳು ಹೆಚ್ಚಾಗಿ ಅದನ್ನು ತೆಗೆದ ಎಣ್ಣೆ ಬಳಸುತ್ತವೆ, ಪ್ರಮಾಣಕ್ಕೂ ಮಿತಿ ಇದೆ. ಆದರೂ ಬಿಸಿಲು ಬೀಳುವ ಕುತ್ತಿಗೆ, ಕೈಗೆ ಹಾಕಿಕೊಂಡು ಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಒಣ ಚರ್ಮ ಅಂದಿರಿ. ಚರ್ಮ ಒಡೆದಿದ್ದರೆ, ಗಾಯ ಇದ್ದರೆ, ಈಗಷ್ಟೇ ಕೂದಲು ತೆಗೆದಿದ್ದರೆ ಆ ಜಾಗಕ್ಕೆ ಪರ್ಫ್ಯೂಮ್ ಬೇಡ. ತುರಿಕೆ, ಕೆಂಪು ಗುಳ್ಳೆ ಬಂದರೆ ತೊಳೆದುಕೊಂಡು ಹಾಕುವುದನ್ನೇ ನಿಲ್ಲಿಸಿ, ಮತ್ತೆ ಬಂದರೆ ಚರ್ಮದ ವೈದ್ಯರಿಗೆ ತೋರಿಸಿ. ಪರ್ಫ್ಯೂಮ್ ಹಾಕಿದಾಗಲೆಲ್ಲ ತಲೆನೋವು ಬರುತ್ತಿದ್ದರೆ, ಕಡಿಮೆ ಹಾಕಿದರೂ ಬರುತ್ತಿದ್ದರೆ, ಅದು ಎಷ್ಟೇ ಚೆನ್ನಾಗಿರಲಿ, ನಿಮ್ಮದಲ್ಲ.

ನಕಲಿ ಬಾಟಲಿ? ನೀವು ಹೇಳಿದ್ದರಲ್ಲಿ ಹಾಗೆ ಅನುಮಾನ ಪಡಲು ನನಗೆ ಕಾರಣ ಕಾಣುವುದಿಲ್ಲ. ಬೇಕಿದ್ದರೆ ಡಬ್ಬಿಯ ಮೇಲಿನ ಬ್ಯಾಚ್ ನಂಬರ್ ಮತ್ತು ಬಾಟಲಿಯ ಅಡಿಯ ನಂಬರ್ ಒಂದೇ ಇದೆಯೇ ನೋಡಿ. ಅಕ್ಕನ ಬಾಟಲಿಯಿಂದ ಒಂದು ಕಾಗದಕ್ಕೆ, ನಿಮ್ಮದರಿಂದ ಇನ್ನೊಂದು ಕಾಗದಕ್ಕೆ ಹಾಕಿ, ಆಗಾಗ ಮೂಸಿ ಹೋಲಿಸಿ. ರಾತ್ರಿವರೆಗೂ ಎರಡೂ ಒಂದೇ ದಾರಿಯಲ್ಲಿ ನಡೆದರೆ ನಿಶ್ಚಿಂತೆ. ದ್ರವದ ಬಣ್ಣ ಗಾಢವಾಗಿದ್ದರೆ ಹೆದರಬೇಡಿ, ಅದೂ ವೆನಿಲಿನ್‌ನ ಕೆಲಸ. ಬಾಟಲಿಯನ್ನು ಬಚ್ಚಲಲ್ಲಿ, ಕಿಟಕಿಯ ಹತ್ತಿರ ಇಡಬೇಡಿ. ಬೆಳಕು, ಬಿಸಿ, ಗಾಳಿ ಮೂರೂ ಅದಕ್ಕೆ ಆಗದು. ಅದರ ಡಬ್ಬಿಯಲ್ಲೇ ಹಾಕಿ ಕಪಾಟಿನಲ್ಲಿಡಿ.

ಅಕ್ಕನ ಜೊತೆ ಕೈ ಮೂಸುವ ಪರೀಕ್ಷೆಯಲ್ಲಿ ವ್ಯತ್ಯಾಸ ಚರ್ಮದ್ದು ಅಂತ ಗೊತ್ತಾದರೆ, ಮಾಯಿಶ್ಚರೈಸರ್ ಮತ್ತು ಕಡಿಮೆ ಪ್ರಮಾಣ, ಇವೆರಡರಿಂದಲೇ ನಿಮ್ಮ ಬಾಟಲಿ ನಿಮಗೆ ಒಗ್ಗುತ್ತದೆ ಎಂಬ ನಂಬಿಕೆ ನನಗಿದೆ. ಮೂಗಿನದ್ದು ಅಂತ ಗೊತ್ತಾದರೆ ಆ ಪರ್ಫ್ಯೂಮ್‌ನಲ್ಲಿ ಅಕ್ಕ ಕಾಣುವ ಮರ ನಿಮಗೆ ಪೂರ್ತಿ ಸಿಗಲಾರದು. ಆಗ ಬಾಟಲಿಯನ್ನು ಅವಳಿಗೇ ಕೊಟ್ಟುಬಿಡಿ. ನೀವು ಬೇರೆ ಮರ ಹುಡುಕಿ. ಪಚ್ಚೆತೆನೆ ಅಥವಾ ವೆಟಿವರ್, ಅಂದರೆ ಲಾವಂಚದ ಬೇರು, ಮುಂದೆ ಇರುವ ಪರ್ಫ್ಯೂಮ್‌ಗಳಿಂದ ಶುರುಮಾಡಿ. ಇವುಗಳ ಎಣ್ಣೆಯಲ್ಲಿ ಹತ್ತಾರು ಬೇರೆ ಬೇರೆ ವಸ್ತುಗಳಿರುತ್ತವೆ. ಒಂದು ನಿಮ್ಮ ಮೂಗಿಗೆ ಬರದಿದ್ದರೂ ಇನ್ನೊಂದು ಬರುತ್ತದೆ. ಅಂಗಡಿಯಲ್ಲಿ ಒಂದು ಕೈಗೆ ಒಂದೇ ಪರ್ಫ್ಯೂಮ್ ಹಾಕಿಸಿಕೊಳ್ಳಿ, ಅಲ್ಲಿಂದ ಹೊರಡಿ, ಐದಾರು ಗಂಟೆ ಬಿಟ್ಟು ಮೂಸಿ. ಆಗಲೂ ಇಷ್ಟವಾದರೆ ಚಿಕ್ಕ ಬಾಟಲಿ ತಗೊಳ್ಳಿ.